ಇಬ್ಬರು ಪೂರ್ಣಾವಧಿ ಸಿಬ್ಬಂದಿ

ಆಗಸ್ಟ್ 4

ಅತ್ತಿಗೆಗೆ ನಮಸ್ಕಾರ,

ಎರಡು ವರ್ಷದ ಮೇಲೆ ಪತ್ರ ಬರೆಯುತ್ತಿದ್ದೇನೆ, ಅದೂ ಕೆಲಸ ಬಿದ್ದಾಗ. ಬೈಯುವುದಿದ್ದರೆ ಮೊದಲು ಬೈದು ಮುಗಿಸಿ, ಆಮೇಲೆ ಮುಂದಕ್ಕೆ ಓದಿ.

ಮಂಜಿನ ಯೋಜನೆಗೆ ಅನುದಾನ ಕೇಳಿ ಮತ್ತೊಂದು ಪ್ರಸ್ತಾವನೆ ಬರೆಯುತ್ತಿದ್ದೇನೆ. ಹೆದ್ದಾರಿಯ ಮೇಲೆ ಬೆಳಗಿನ ಮಂಜು ಎಲ್ಲಿ ಇಳಿಯುತ್ತದೆ, ಎಷ್ಟು ದಟ್ಟವಾಗಿ ಇಳಿಯುತ್ತದೆ ಎಂದು ಆರು ಗಂಟೆ ಮುಂಚೆ ಲೆಕ್ಕ ಹಾಕಿ ಹೇಳುವ ಕೆಲಸ. ನಿಮಗೆ ಗೊತ್ತಿರುವುದೇ. ಅಣ್ಣ ಇದನ್ನು ಕಾಣದ್ದನ್ನು ಎಣಿಸುವ ಉದ್ಯೋಗ ಎಂದು ರೇಗಿಸುತ್ತಿದ್ದ. ನಾನಿರುವ ಸಂಸ್ಥೆ ಚಿಕ್ಕದು. ಇಲ್ಲಿನ ಕಂಪ್ಯೂಟರುಗಳಲ್ಲಿ ಒಂದು ಮುಂಜಾನೆಯ ಲೆಕ್ಕ ಮುಗಿಯುವಷ್ಟರಲ್ಲಿ ಮಾರನೆಯ ದಿನದ ಮಂಜೂ ಕರಗಿಹೋಗಿರುತ್ತದೆ. ಹಾಗಾಗಿ ನಿಮ್ಮ ವಿಶ್ವವಿದ್ಯಾಲಯದ ಗಣಕ ಕೇಂದ್ರದಲ್ಲಿಯೇ ಲೆಕ್ಕ ಮಾಡಿಸುವುದಾಗಿ ಬರೆದಿದ್ದೇನೆ. ನಿಮ್ಮಲ್ಲಿಯ ಭೂಗೋಳ ವಿಭಾಗದವರು ಜೊತೆಗಿರುತ್ತೇವೆ ಎಂದು ಒಪ್ಪಿದ್ದಾರೆ.

ಅರ್ಜಿಯಲ್ಲಿ 'ಲಭ್ಯವಿರುವ ಗಣಕ ಸೌಲಭ್ಯಗಳು' ಎಂದೊಂದು ಭಾಗವಿದೆ. ನಿಮ್ಮಲ್ಲಿ ಎಲ್ಲರೂ ತಮ್ಮ ಅರ್ಜಿಗೆ ಅಂಟಿಸಿಕೊಳ್ಳುವ ಪ್ಯಾರಾ ಒಂದಿದೆಯಲ್ಲ, ಅಣ್ಣ ಬರೆದಿಟ್ಟದ್ದು, ಅದನ್ನು ಕಳಿಸಿಕೊಡುತ್ತೀರಾ? ಇಪ್ಪತ್ತೈದು ಕೊನೆಯ ದಿನ. ಇದು ಇದೇ ಯೋಜನೆಗೆ ನಾನು ಬರೆಯುತ್ತಿರುವ ಐದನೆಯ ಪ್ರಸ್ತಾವನೆ. 'ಮಂಜು' ಎಂಬ ಪದ ಕಂಡರೆ ಈಗ ಆಕಳಿಕೆ ಬರುತ್ತದೆ.

ಉಳಿದಂತೆ ಇಲ್ಲಿ ಎಲ್ಲ ಆರಾಮ.

ನಿಮ್ಮ ಮೈದುನ


ಆಗಸ್ಟ್ 12

ಮೈದುನ ಮಹಾಶಯರಿಗೆ,

ಬೈದು ಮುಗಿಸಿದೆ. ಎಂಟು ದಿನ ಹಿಡಿಯಿತು, ಅದಕ್ಕೇ ಉತ್ತರ ತಡ.

ತಮಾಷೆಗೆ ಅಂದೆ. ತಡವಾದದ್ದು ಏಸಿಯ ದೆಸೆಯಿಂದ. ಎರಡರಲ್ಲಿ ಒಂದು ಕೈಕೊಟ್ಟಿತು. ರಿಪೇರಿಯವನು ಇವತ್ತು ಬರುತ್ತೇನೆ, ನಾಳೆ ಬರುತ್ತೇನೆ ಎಂದು ವಾರ ಕಳೆದ. ಅಲ್ಲಿಯವರೆಗೆ ಬಾಗಿಲು ತೆರೆದಿಟ್ಟು, ಎರಡು ಟೇಬಲ್ ಫ್ಯಾನ್ ಹಚ್ಚಿ, ಯಂತ್ರಗಳಿಗೆ ಗಾಳಿ ಹಾಕುತ್ತ ಕೂತಿದ್ದೆ. ಜ್ವರ ಬಂದ ಮಕ್ಕಳನ್ನು ಕಾದ ಹಾಗೆ.

ಇದು ಅರ್ಜಿಗಳ ಕಾಲ. ಪ್ಯಾರಾ ಕೇಳಿದವರಲ್ಲಿ ನೀನು ಈ ತಿಂಗಳ ಏಳನೆಯವನು. ರಸಾಯನದವರು ಕೇಳಿದರು, ಸಸ್ಯಶಾಸ್ತ್ರದವರು ಕೇಳಿದರು. ಭಾಷಾಶಾಸ್ತ್ರದ ಮೇಷ್ಟ್ರೊಬ್ಬರು ಕೇಳಿ ತೆಗೆದುಕೊಂಡು, ಆಮೇಲೆ ಈ ಕೇಂದ್ರ ಇರುವುದೆಲ್ಲಿ ಎಂದು ವಿಚಾರಿಸಿದರು. ಹನ್ನೆರಡು ವರ್ಷದಿಂದ ಇಲ್ಲೇ ಪಾಠ ಮಾಡುತ್ತಿದ್ದಾರೆ, ಗ್ರಂಥಾಲಯದ ಕೆಳಗೆ ಇಂಥದ್ದೊಂದು ನೆಲಮಾಳಿಗೆ ಇರುವುದು ಗೊತ್ತಿಲ್ಲ. ಪ್ಯಾರಾ ಮಾತ್ರ ಗೊತ್ತು. ಇಗೋ ನಿನಗೂ ಅದೇ:

'ವಿಶ್ವವಿದ್ಯಾಲಯದ ಗಣಕ ಕೇಂದ್ರದಲ್ಲಿ ನೂರಾ ಇಪ್ಪತ್ತೆಂಟು ಸರ್ವರ್‌ಗಳು ಒಂದೇ ಜಾಲದಲ್ಲಿ ಕೂಡಿ ವರ್ಷದ ಎಲ್ಲ ದಿನವೂ ದುಡಿಯುತ್ತವೆ. ವಿದ್ಯುತ್ ನಿಂತರೂ ಕೆಲಸ ನಿಲ್ಲದಂತೆ ಬ್ಯಾಟರಿ ವ್ಯವಸ್ಥೆಯಿದೆ. ಇಬ್ಬರು ಪೂರ್ಣಾವಧಿ ತಾಂತ್ರಿಕ ಸಿಬ್ಬಂದಿ ಕೇಂದ್ರದ ಉಸ್ತುವಾರಿ ನೋಡಿಕೊಳ್ಳುತ್ತಾರೆ. ಸಂಶೋಧಕರು ಯಾವಾಗ ಕರೆದರೂ ಓಗೊಡುತ್ತಾರೆ.'

ನಿನ್ನಣ್ಣ ಬರೆದದ್ದರಲ್ಲಿ ಒಂದಕ್ಷರವನ್ನೂ ನಾನು ಮುಟ್ಟಿಲ್ಲ. ಆ 'ಓಗೊಡುತ್ತಾರೆ' ಎಂಬ ಪದಕ್ಕೆ ಅವರನ್ನು ಎಷ್ಟು ಗೇಲಿ ಮಾಡಿದ್ದೆ, ಇದು ಅರ್ಜಿಯೋ ಭಾವಗೀತೆಯೋ ಎಂದು. ಅಂಟಿಸುವ ಮೊದಲು ಒಂದು ಸಲ ನಿಧಾನವಾಗಿ ಓದು. ಏನಾದರೂ ಅನ್ನಿಸಿದರೆ ಬಾಯಿಬಿಟ್ಟು ಹೇಳು.

ಅತ್ತಿಗೆ


ಆಗಸ್ಟ್ 14

ಅತ್ತಿಗೆ,

ಪ್ಯಾರಾ ಸಿಕ್ಕಿತು, ಅಂಟಿಸಿಯೂ ಆಯಿತು. ನೀವು ಹೇಳಿದಂತೆ ನಿಧಾನವಾಗಿಯೇ ಓದಿದೆ. ಮೂರು ಸಲ ಓದಿದೆ.

ಇಬ್ಬರು ಎಂದಿರುವುದನ್ನು ನೋಡಿದೆ. ಮೊದಲು ಸ್ವಲ್ಪ ಕಸಿವಿಸಿಯಾಯಿತು, ಆಮೇಲೆ ಸಮಾಧಾನವಾಯಿತು. ಅಷ್ಟು ದೊಡ್ಡ ಕೋಣೆಯಲ್ಲಿ ನೀವು ಒಬ್ಬರೇ ಇಲ್ಲ ಎಂದುಕೊಂಡರೆ ನನಗೂ ಸಮಾಧಾನವೇ. ಇದರ ಬಗ್ಗೆ ಹೆಚ್ಚಿಗೆ ಕೇಳುವುದಿಲ್ಲ. ಅಣ್ಣ ತೀರಿಕೊಂಡು ಆರು ವರ್ಷವಾಯಿತು. ಅಂದಿನಿಂದ ಆ ಮೆಟ್ಟಿಲು ಇಳಿಯಲು ನನಗೆ ಧೈರ್ಯವಾಗಿಲ್ಲ. ನೀವು ದಿನಾ ಇಳಿಯುತ್ತೀರಿ. ಕೇಳುವ ಯೋಗ್ಯತೆ ನನಗಿಲ್ಲ.

ಏಸಿ ಸರಿಹೋಯಿತೇ?

ಮೈದುನ


ಸೆಪ್ಟೆಂಬರ್ 2

ಮೈದುನನಿಗೆ,

ಏಸಿ ಸರಿಹೋಯಿತು. ಈಗ ಎಷ್ಟು ತಂಪೆಂದರೆ ಕುರ್ಚಿಯ ಮೇಲಿನ ಬೂದು ಬಣ್ಣದ ಸ್ವೆಟರ್ ಮತ್ತೆ ಮೈಮೇಲೆ ಬಂದಿದೆ. ನಿನ್ನಣ್ಣನದೇ. ತೋಳು ಉದ್ದ, ಎರಡು ಸಲ ಮಡಚಬೇಕು.

ನಿನ್ನ ಪತ್ರವನ್ನು ಎರಡು ವಾರದಿಂದ ಮತ್ತೆ ಮತ್ತೆ ತೆಗೆದು ಓದುತ್ತಿದ್ದೇನೆ. ನೋಡಿದೆ ಎಂದೆಯಲ್ಲ, ಕೇಳುವುದಿಲ್ಲ ಎಂದೆಯಲ್ಲ, ಅದು ದೊಡ್ಡ ಉಪಕಾರ ಮಾರಾಯ. ಇಷ್ಟು ವರ್ಷದಲ್ಲಿ ಎಷ್ಟೊಂದು ಜನ ಆ ಪ್ಯಾರಾ ಒಯ್ದರು, ಒಬ್ಬರೂ ಓದಲಿಲ್ಲ. ನೀನೊಬ್ಬ ಓದಿದೆ, ಅರ್ಥ ಮಾಡಿಕೊಂಡೆ. ಎದೆಯ ಮೇಲಿನ ಭಾರ ಒಂದಿಷ್ಟು ಇಳಿದ ಹಾಗಾಯಿತು.

ಇಲ್ಲಿ ಎಲ್ಲ ಹಾಗೆಯೇ ಇದೆ. ಹಾಜರಿ ಪುಸ್ತಕ ಕೂಡ ಅದೇ, ಪುಟಕ್ಕೆ ಎರಡು ಕಾಲಂ. ಬೆಳಿಗ್ಗೆ ಬಂದು ಒಂದರಲ್ಲಿ ಸಹಿ ಹಾಕುತ್ತೇನೆ, ಯಂತ್ರಗಳ ಹಸಿರು ದೀಪ ಎಣಿಸುತ್ತೇನೆ, ಕೆಂಪು ದೀಪದವನ್ನು ಬಿಚ್ಚುತ್ತೇನೆ. ಸಂಜೆಗೆ ಮೈಯೆಲ್ಲ ಸೋತಿರುತ್ತದೆ. ಮಂಡಿಯೂ ಮೊದಲಿನಂತಿಲ್ಲ, ಮೆಟ್ಟಿಲು ಹತ್ತುವಾಗ ನನಗಿಂತ ಮೊದಲು ಅದೇ ಮಾತಾಡುತ್ತದೆ.

ನಿನ್ನ ಮಂಜಿಗೆ ಅನುದಾನ ಸಿಗಲಿ. ಸಿಕ್ಕರೆ ಒಮ್ಮೆ ಬಾ. ಸಿಗದಿದ್ದರೂ ಬಾ.

ಅತ್ತಿಗೆ


ನವೆಂಬರ್ 18

ಅತ್ತಿಗೆ,

ಒಳ್ಳೆಯ ಸುದ್ದಿಯೂ ಇದೆ, ತಲೆನೋವೂ ಇದೆ. ಪ್ರಸ್ತಾವನೆ ಮೊದಲ ಸುತ್ತು ದಾಟಿದೆ! ಇನ್ನೂರರಲ್ಲಿ ಹದಿನಾರು ಉಳಿದಿವೆ, ನನ್ನದೂ ಒಂದು. ಪರಿಶೀಲಕರು ಪ್ರಶ್ನೆ ಕಳಿಸಿದ್ದಾರೆ, ಡಿಸೆಂಬರ್ ಹತ್ತರೊಳಗೆ ಉತ್ತರ ಕೊಡಬೇಕು.

ಹೊಸ ಕಂಪ್ಯೂಟರ್ ಕೊಳ್ಳಲು ಕೇಳಿದ್ದನ್ನು ಹೊಡೆದುಹಾಕಿದ್ದಾರೆ. ನೂರಾ ಇಪ್ಪತ್ತೆಂಟು ಸರ್ವರ್‌ಗಳಿರುವಾಗ ಇನ್ನೇಕೆ ಎಂದು ಪಕ್ಕದಲ್ಲಿ ಟಿಪ್ಪಣಿ. ಅದು ಹೋಗಲಿ. ಮುಖ್ಯವಾದದ್ದು ಇದು: ಕೇಂದ್ರದ ಇಬ್ಬರು ಸಿಬ್ಬಂದಿಯೂ ಈ ಯೋಜನೆಗೆ ವಾರಕ್ಕೆ ಎಷ್ಟು ಗಂಟೆ ಕೊಡುತ್ತಾರೆ ಎಂದು ಬೇರೆಬೇರೆಯಾಗಿ ಪತ್ರ ಬರೆದು, ತಮ್ಮ ತಮ್ಮ ಸಹಿ ಹಾಕಿ ಕೊಡಬೇಕಂತೆ. ಹಿಂದೆಲ್ಲೋ ಯಾರೋ ಇಲ್ಲದ ಸಿಬ್ಬಂದಿಯನ್ನು ತೋರಿಸಿದ್ದರಂತೆ, ಅದಕ್ಕೆ ಈ ಹೊಸ ನಿಯಮ.

ನಿಮ್ಮದೊಂದು ಪತ್ರ, ನಿಮ್ಮ ಜೊತೆಯಲ್ಲಿರುವವರದೊಂದು. ಮಾದರಿ ಲಗತ್ತಿಸಿದ್ದೇನೆ. ಹೆಸರಿನ ಜಾಗ ಖಾಲಿ ಬಿಟ್ಟಿದ್ದೇನೆ, ಅವರ ಹೆಸರೇ ನನಗೆ ಗೊತ್ತಿಲ್ಲ ನೋಡಿ. ನಿಜ ಹೇಳಬೇಕೆಂದರೆ, ಅಣ್ಣನ ಕುರ್ಚಿಯಲ್ಲಿ ಬೇರೆ ಯಾರೋ ಕೂತಿದ್ದಾರೆ ಎಂಬುದನ್ನು ಒಪ್ಪಿಕೊಳ್ಳಲು ಆಗಸ್ಟ್‌ನಲ್ಲಿ ನನಗೆ ಕಷ್ಟವಾಗಿತ್ತು. ಅದಕ್ಕೇ ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ. ಒಳ್ಳೆಯವರಾ? ನಿಮಗೆ ನೆರವಾಗುತ್ತಾರಾ? ಅವರಿಗೆ ನನ್ನ ನಮಸ್ಕಾರ ಹೇಳಿ.

ಮೈದುನ


ನವೆಂಬರ್ 27

ಅತ್ತಿಗೆ,

ಒಂಬತ್ತು ದಿನವಾಯಿತು. ಫೋನ್ ಮಾಡಿದರೆ ನೀವು ಎತ್ತುತ್ತಿಲ್ಲ. ಕೋಪ ಬಂದಿದೆ ಎಂದು ಗೊತ್ತು. ಆರು ವರ್ಷ ಮುಖ ತೋರಿಸದವನು ಈಗ ಸಹಿ ಕೊಡಿ, ಪತ್ರ ಕೊಡಿ ಎಂದು ಪೀಡಿಸಿದರೆ ಯಾರಿಗೆ ತಾನೆ ಕೋಪ ಬರುವುದಿಲ್ಲ. ಹೊಟ್ಟೆಗೆ ಹಾಕಿಕೊಳ್ಳಿ.

ಮೊದಲ ಪತ್ರದಲ್ಲಿ ಎಲ್ಲ ಆರಾಮ ಎಂದು ಬರೆದಿದ್ದೆ. ಆರಾಮವೇನೂ ಇಲ್ಲ. ನನ್ನದು ಗುತ್ತಿಗೆಯ ಕೆಲಸ, ಮಾರ್ಚ್ ಮೂವತ್ತೊಂದಕ್ಕೆ ಮುಗಿಯುತ್ತದೆ. ಈ ಅನುದಾನ ಬಂದರೆ ಮುಂದುವರಿಸುತ್ತಾರೆ, ಬಾರದಿದ್ದರೆ ನಲವತ್ತೇಳನೆಯ ವಯಸ್ಸಿನಲ್ಲಿ ನಾನು ರೆಸ್ಯೂಮೆ ಹಿಡಿದು ಹೊರಡಬೇಕು. ಇದನ್ನು ಮನೆಯಲ್ಲಿ ಹೆಂಡತಿಗೂ ಹೇಳಿಲ್ಲ. ದಿನಾ ಟಿಫಿನ್ ಕ್ಯಾರಿಯರ್ ತೆಗೆದುಕೊಂಡು ಏನೂ ಆಗದವನ ಹಾಗೆ ಹೊರಡುತ್ತೇನೆ. ಹಾಗೆ ನಟಿಸುವುದರಲ್ಲೇ ಅರ್ಧ ಸುಸ್ತು.

ನಿಮ್ಮ ಜೊತೆಯವರು ಸಹಿ ಹಾಕಲು ಹಿಂದೆಮುಂದೆ ನೋಡುತ್ತಿದ್ದರೆ ನಾನೇ ಮಾತಾಡುತ್ತೇನೆ. ವಾರಕ್ಕೆ ಒಂದೇ ಗಂಟೆ ಎಂದು ಬರೆದರೂ ಸಾಕು. ದಯವಿಟ್ಟು.

ಮೈದುನ


ನವೆಂಬರ್ 30

ಮೈದುನನಿಗೆ,

ನನ್ನ ಜೊತೆ ಯಾರೂ ಇಲ್ಲ. ಆರು ವರ್ಷದಿಂದ ಇಲ್ಲ. ಪ್ಯಾರಾದಲ್ಲಿರುವ ಇಬ್ಬರು ನಾನು ಮತ್ತು ನಿನ್ನಣ್ಣ.

ನೀನು ಅದನ್ನು ತಿಳಿದುಕೊಂಡೇ ಸುಮ್ಮನಿದ್ದೀಯ ಎಂದು ನಾನು ನಂಬಿದ್ದೆ. ನೀನು, ಹೊಸಬರು ಯಾರೋ ಬಂದಿದ್ದಾರೆ ಎಂದು ನಂಬಿದ್ದೆ. ಮೂರು ತಿಂಗಳು ಒಬ್ಬರಿಗೊಬ್ಬರು ಉಪಕಾರ ಮಾಡುತ್ತಿದ್ದೇವೆ ಎಂದುಕೊಂಡು ಕೂತಿದ್ದೆವು. ನಿನ್ನ ಹದಿನೆಂಟರ ಪತ್ರದಲ್ಲಿ 'ಒಳ್ಳೆಯವರಾ' ಎಂದು ಕೇಳಿದ್ದನ್ನು ಓದಿ ನಾನು ಫೋನ್ ಮಗುಚಿಟ್ಟೆ. ಕೋಪದಿಂದಲ್ಲ.

ಆದದ್ದು ಇಷ್ಟು. ಅವರು ಹೋದ ಮೂರನೇ ವಾರ ನಾನು ಕೆಲಸಕ್ಕೆ ಬಂದೆ. ಅವತ್ತೇ ಭೌತಶಾಸ್ತ್ರದವರು ಪ್ಯಾರಾ ಬೇಕೆಂದು ಬಾಗಿಲಲ್ಲಿ ನಿಂತಿದ್ದರು. ಫೈಲ್ ತೆರೆದೆ. 'ಇಬ್ಬರು' ಎಂಬ ಪದದ ಮೇಲೆ ಕರ್ಸರ್ ತಂದು ಇಟ್ಟೆ. ಅಳಿಸಿ 'ಒಬ್ಬರು' ಎಂದು ಒತ್ತಲು ಬೆರಳು ಏಳಲಿಲ್ಲ. ಅವತ್ತಿಗೆ ಇರಲಿ, ನಾಳೆ ಬದಲಾಯಿಸೋಣ ಎಂದು ಹಾಗೆಯೇ ಕೊಟ್ಟೆ. ಮಾರನೆಯ ವಾರ ಇನ್ನೊಬ್ಬರು ಬಂದರು. ಹಾಗೆ ಆರು ವರ್ಷ. ನಾನಾಗಿ ಸುಳ್ಳು ಬರೆಯಲಿಲ್ಲ, ಇದ್ದದ್ದನ್ನು ಅಳಿಸಲಿಲ್ಲ ಅಷ್ಟೇ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಎರಡು ವರ್ಷ ಕಳೆದ ಮೇಲೆ ಒಬ್ಬಳಿಂದ ಆಗುವುದಿಲ್ಲ ಎನ್ನಿಸಿ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಒಬ್ಬರನ್ನು ಕೊಡಿ ಎಂದು ಕೇಳಿದೆ. ಅವರು ಹೋದದ್ದು ಸಂಬಳದ ವಿಭಾಗಕ್ಕೆ ಗೊತ್ತಿತ್ತು, ಈ ಮೇಜಿಗೆ ಸುದ್ದಿ ಬಂದಿರಲಿಲ್ಲ. ಅಲ್ಲಿಯ ಹೊಸ ಗುಮಾಸ್ತ ಒಂದು ಕಡತ ಬಿಚ್ಚಿ ನನ್ನ ಮುಂದೆ ಇಟ್ಟ. 'ನೀವೇ ಬರ್ದಿದೀರಲ್ಲ ಮೇಡಂ, ಇಬ್ಬರಿದಾರೆ ಅಂತ. ಹನ್ನೊಂದು ಅರ್ಜೀಲಿ ಇದೆ' ಅಂದ. ಬಾಯಿಬಿಟ್ಟರೆ ಅಲ್ಲೇ, ಆ ಮೇಜಿನ ಮುಂದೆ, ಅವರು ಇಲ್ಲ ಎಂದು ಹೇಳಬೇಕಾಗುತ್ತಿತ್ತು. ಎದ್ದು ಬಂದೆ.

ಸರ್ವರ್‌ಗಳ ವಿಷಯವೂ ಹಾಗೆಯೇ. ಒಂದು ಪದ ಮುಟ್ಟಿದರೆ ಇನ್ನೊಂದನ್ನೂ ಮುಟ್ಟಬೇಕೆಂದು ಅದನ್ನೂ ಬಿಟ್ಟೆ. ನೂರಾ ಇಪ್ಪತ್ತೆಂಟರಲ್ಲಿ ಎಷ್ಟೋ ಸತ್ತಿವೆ. ಸತ್ತವುಗಳ ಬಿಡಿಭಾಗ ತೆಗೆದು ಬದುಕಿರುವವಕ್ಕೆ ಹಾಕುತ್ತೇನೆ. ಹೊಸದು ಯಾಕೆ ಬರುತ್ತಿಲ್ಲ ಎಂದು ಆರು ವರ್ಷ ಎಲ್ಲರನ್ನೂ ಶಪಿಸುತ್ತಿದ್ದೆ. ನಿನ್ನ ಪರಿಶೀಲಕರ ಟಿಪ್ಪಣಿ ಓದಿದ ಮೇಲೆ ಗೊತ್ತಾಯಿತು, ಬರದಂತೆ ತಡೆದದ್ದು ನನ್ನ ಪ್ಯಾರಾವೇ.

ನಿನ್ನ ಕೆಲಸದ ವಿಷಯ ಆಗಸ್ಟ್‌ನಲ್ಲೇ ಹೇಳಬಾರದಿತ್ತೇ? ಹೇಳಿದ್ದರೆ ಅವತ್ತೇ ಈ ಪತ್ರ ಬರೆಯುತ್ತಿದ್ದೆ. ಬಹುಶಃ ಬರೆಯುತ್ತಿದ್ದೆ.

ಅತ್ತಿಗೆ


ಡಿಸೆಂಬರ್ 2

ಅತ್ತಿಗೆ,

ನಿಮ್ಮ ಪತ್ರ ಓದಿ ಆಫೀಸಿನ ಹಿಂದಿನ ಸೈಕಲ್ ಸ್ಟ್ಯಾಂಡಿಗೆ ಹೋಗಿ ನಿಂತುಕೊಂಡೆ. ತುಂಬ ಹೊತ್ತು ಅತ್ತೆ. ಅಣ್ಣನಿಗಾಗಿ ಎಷ್ಟು, ನಿಮಗಾಗಿ ಎಷ್ಟು, ನನಗಾಗಿ ಎಷ್ಟು ಎಂದು ವಿಂಗಡಿಸಲು ಆಗಲಿಲ್ಲ.

ಈಗ ಬರೆಯಲಿರುವುದನ್ನು ಓದಿ ನೀವು ನನ್ನ ಮುಖ ನೋಡುವುದಿಲ್ಲ ಎಂದರೂ ತಪ್ಪಿಲ್ಲ. ಪ್ರಸ್ತಾವನೆಯಲ್ಲಿ ಇಬ್ಬರು ಎಂದು ಹೋಗಿಯಾಗಿದೆ. ಒಬ್ಬರೇ ಎಂದು ಈಗ ಹೇಳಿದರೆ ಇಲ್ಲದ ಸಿಬ್ಬಂದಿಯನ್ನು ತೋರಿಸಿದವರ ಪಟ್ಟಿಗೆ ನಾನೂ ಸೇರುತ್ತೇನೆ, ಅಲ್ಲಿಗೆ ಕಥೆ ಮುಗಿಯುತ್ತದೆ. ನನ್ನ ಹಳೆಯ ಪ್ರಸ್ತಾವನೆಯೊಂದರಲ್ಲಿ ಅಣ್ಣನ ಸಹಿಯ ಸ್ಕ್ಯಾನ್ ಇದೆ. ಸ್ಪಷ್ಟವಾಗಿದೆ. ಪರಿಶೀಲಕರು ಹೆಸರು ನೋಡುತ್ತಾರೆ, ಸಹಿ ನೋಡುತ್ತಾರೆ, ಮುಂದಿನ ಕಾಗದಕ್ಕೆ ಹೋಗುತ್ತಾರೆ. ಯಾರೂ ಬಂದು ನೋಡುವುದಿಲ್ಲ.

ಒಂದೇ ಸಲ. ಅಣ್ಣ ಇದ್ದಿದ್ದರೆ ಕೊಡುತ್ತಿರಲಿಲ್ಲವೇ? ಬೇಡ ಎಂದರೆ ಬೇಡ. ನೀವು ಹೂಂ ಎನ್ನದೆ ನಾನು ಅದನ್ನು ಮುಟ್ಟುವುದಿಲ್ಲ.

ಮೈದುನ


ಡಿಸೆಂಬರ್ 4

ಮೈದುನನಿಗೆ,

ನಿನ್ನನ್ನು ಬೈಯುವ ಬಾಯಿ ನನಗಿಲ್ಲ. ನೀನು ಒಂದು ಸಲ ಮಾಡಲೇ ಎಂದು ಕೇಳುತ್ತಿರುವುದನ್ನು ನಾನು ಆರು ವರ್ಷ ಯಾರನ್ನೂ ಕೇಳದೆ ಮಾಡಿದ್ದೇನೆ. ಆದರೂ ಹೂಂ ಎನ್ನಲಾರೆ.

ಅವರಿದ್ದಿದ್ದರೆ ಕೊಡುತ್ತಿದ್ದರು, ನಿಜ. ಕೊಟ್ಟು, ಕೆಲಸವನ್ನೂ ಮಾಡುತ್ತಿದ್ದರು. ನಿನ್ನ ಲೆಕ್ಕ ಅರ್ಧಕ್ಕೆ ನಿಂತರೆ ಮತ್ತೆ ಹಚ್ಚುತ್ತಿದ್ದರು. ಈಗ ಸಹಿ ಅವರದು, ಕೆಲಸ ಯಾರದು? ನಾನು ಸೋತಿದ್ದೇನಪ್ಪ. ಅವರ ಪಾಲಿನ ಕೆಲಸವನ್ನೂ ಮಾಡಿ ಮಾಡಿ ಸೋತಿದ್ದೇನೆ. ಅವರನ್ನು ಕೆಲಸದ ಮೇಲೆ ಇಟ್ಟುಕೊಂಡರೆ ಅವರು ಜೊತೆಗಿದ್ದಂತೆ ಎಂದುಕೊಂಡೆ, ಹಾಗೇನೂ ಆಗಲಿಲ್ಲ. ಅವರಿಗೂ ಬಿಡುಗಡೆಯಿಲ್ಲ, ನನಗೂ ಇಲ್ಲ. ನೀನು ಅವರನ್ನು ಇನ್ನೊಂದು ಯೋಜನೆಗೆ ಹಚ್ಚಬೇಡ.

ನಿನ್ನೆ ಇಡೀ ದಿನ ಎಣಿಸಿದೆ. ಪ್ರತಿ ಯಂತ್ರದ ಮುಂದೆ ನಿಂತು, ಚೀಟಿ ಅಂಟಿಸಿ ಎಣಿಸಿದೆ. ಆಮೇಲೆ ಫೈಲ್ ತೆರೆದೆ. ಇದನ್ನು ಕಳಿಸು:

'ವಿಶ್ವವಿದ್ಯಾಲಯದ ಗಣಕ ಕೇಂದ್ರದಲ್ಲಿ ನಲವತ್ತೊಂದು ಸರ್ವರ್‌ಗಳು ಕೆಲಸ ಮಾಡುತ್ತಿವೆ. ಅವು ಹನ್ನೊಂದು ವರ್ಷ ಹಳೆಯವು. ಬ್ಯಾಟರಿ ಇಪ್ಪತ್ತು ನಿಮಿಷ ತಡೆಯುತ್ತದೆ. ಅದಕ್ಕೂ ಹೆಚ್ಚು ವಿದ್ಯುತ್ ನಿಂತರೆ ಲೆಕ್ಕ ಮೊದಲಿನಿಂದ ಶುರುವಾಗಬೇಕು. ಒಬ್ಬರು ಪೂರ್ಣಾವಧಿ ಸಿಬ್ಬಂದಿ ಇದ್ದಾರೆ. ಅವರು ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಸಿಗುತ್ತಾರೆ; ಈ ಯೋಜನೆಗೆ ವಾರಕ್ಕೆ ಆರು ಗಂಟೆ ಕೊಡಬಲ್ಲರು. ಹಿಂದಿನ ವಿವರಣೆಯಲ್ಲಿದ್ದ ತಪ್ಪು ಕೇಂದ್ರದ್ದು, ಅರ್ಜಿದಾರರದ್ದಲ್ಲ.'

ಕೊನೆಯ ವಾಕ್ಯದ ಕೆಳಗೆ ನನ್ನ ಸಹಿ ಇದೆ. ರಿಜಿಸ್ಟ್ರಾರರಿಗೂ, ಎಲ್ಲ ವಿಭಾಗಗಳಿಗೂ ಇದೇ ಪ್ರತಿ ಕಳಿಸಿದ್ದೇನೆ. ಮಧ್ಯಾಹ್ನದೊಳಗೆ ಮೂವರು ಬಂದು ಮುಖ ಗಂಟಿಕ್ಕಿ ಹೋದರು.

'ಒಬ್ಬರು' ಎಂದು ಒತ್ತಿದಾಗ ಏನೋ ಆಗುತ್ತದೆ ಎಂದುಕೊಂಡಿದ್ದೆ. ಏನೂ ಆಗಲಿಲ್ಲ. ಸ್ವೆಟರ್ ಹಾಕಿಕೊಂಡು, ತೋಳು ಮಡಚಿ, ಕೆಂಪು ದೀಪದ ಯಂತ್ರವೊಂದನ್ನು ಬಿಚ್ಚಲು ಹೋದೆ.

ಅತ್ತಿಗೆ


ಡಿಸೆಂಬರ್ 9

ಅತ್ತಿಗೆ,

ಕಳಿಸಿದೆ. ನೀವು ಬರೆದದ್ದನ್ನು ಹಾಗೆಯೇ ಕಳಿಸಿದೆ, ಕೊನೆಯ ವಾಕ್ಯವೊಂದನ್ನು ಬಿಟ್ಟು. ಅದರ ಬದಲು 'ವಿವರಣೆಯನ್ನು ಪರಿಶೀಲಿಸದೆ ಸೇರಿಸಿದ್ದು ಅರ್ಜಿದಾರರ ತಪ್ಪು' ಎಂದು ನನ್ನ ಸಹಿ ಹಾಕಿದ್ದೇನೆ. ನಿಧಾನವಾಗಿ ಓದು ಎಂದು ನೀವು ಹೇಳಿದ್ದಿರಿ, ನಾನು ಓದಿದ್ದೂ ಹೌದು, ಒಂದು ಫೋನ್ ಮಾಡಿ ಕೇಳಲಿಲ್ಲ.

ನಲವತ್ತೊಂದು ಸರ್ವರ್‌ಗಳಿಗೆ ಹೊಂದುವಂತೆ ಯೋಜನೆಯನ್ನೂ ಕತ್ತರಿಸಿದೆ. ಇಡೀ ಹೆದ್ದಾರಿ ಬೇಡ, ಅತಿ ಹೆಚ್ಚು ಅಪಘಾತವಾಗುವ ಮೂವತ್ತು ಕಿಲೋಮೀಟರ್ ಸಾಕು ಎಂದು ಬರೆದೆ. ಬರೆದ ಮೇಲೆ ಮೊದಲಿಗಿಂತ ಇದೇ ಚೆನ್ನಾಗಿದೆ ಅನ್ನಿಸಿತು. ಸ್ಕ್ಯಾನ್ ಅಳಿಸಿಲ್ಲ, ಅಣ್ಣನ ಕೈಬರಹ ನನ್ನ ಹತ್ತಿರ ಅಷ್ಟೇ ಇರುವುದು. ಮನೆಯ ಫೋಟೋಗಳ ಜೊತೆ ಇಟ್ಟಿದ್ದೇನೆ.

ಹೆಂಡತಿಗೆ ಎಲ್ಲ ಹೇಳಿದೆ. 'ನಂಗೆ ಜುಲೈನಲ್ಲೇ ಗೊತ್ತಾಗಿತ್ತು, ನೀವಾಗೇ ಹೇಳ್ಲಿ ಅಂತ ಸುಮ್ನಿದ್ದೆ' ಎಂದಳು. ನಮ್ಮ ಕುಟುಂಬದಲ್ಲಿ ಎಲ್ಲರಿಗೂ ಇದೇ ಕಾಯಿಲೆ.

ಮೈದುನ


ಜನವರಿ 20

ಅತ್ತಿಗೆ,

ಇನ್ನೂ ತೀರ್ಮಾನವಾಗಿಲ್ಲ. ತಿರಸ್ಕಾರವೂ ಆಗಿಲ್ಲ. ಸಮಿತಿಯಿಂದ ಒಂದೇ ಒಂದು ಪ್ರಶ್ನೆ ಬಂದಿದೆ, ಅದಕ್ಕೆ ಉತ್ತರ ಸರಿಹೋದರೆ ಮುಂದಿನ ಮಾತಂತೆ. ಪ್ರಶ್ನೆಯನ್ನು ಇದ್ದ ಹಾಗೆ ಬರೆಯುತ್ತೇನೆ:

'ಕೇಂದ್ರವು ಒಬ್ಬರೇ ಸಿಬ್ಬಂದಿಯನ್ನು ಅವಲಂಬಿಸಿದೆ. ಅವರು ರಜೆಯಲ್ಲಿದ್ದಾಗ ಅಥವಾ ಅಸ್ವಸ್ಥರಾದಾಗ ಏನು ವ್ಯವಸ್ಥೆ?'

ಏನು ಬರೆಯಲಿ? ಇಲ್ಲಿಯವರೆಗೆ ನೀವು ರಜೆ ಹಾಕಿದಾಗ ಏನು ಮಾಡುತ್ತಿದ್ದಿರಿ?

ಮೈದುನ


ಜನವರಿ 23

ಮೈದುನನಿಗೆ,

ಅವರು ಹೋದ ಮೇಲೆ ನಾನು ರಜೆ ಹಾಕಿಲ್ಲ. ಜ್ವರ ಬಂದಾಗ ಮಾತ್ರೆ ನುಂಗಿ ಬಂದಿದ್ದೇನೆ. ಅಕ್ಕ ಕರೆದು ಕರೆದು ಈಗ ಕರೆಯುವುದನ್ನೇ ಬಿಟ್ಟಿದ್ದಾಳೆ. ಮಂಡಿಯ ಡಾಕ್ಟರು ಎರಡು ವಾರ ಕಾಲು ಚಾಚಿ ಮಲಗಿ ಎಂದಿದ್ದಾರೆ, ಆ ಚೀಟಿ ಡ್ರಾಯರಿನಲ್ಲಿದೆ.

ಆ ಪ್ರಶ್ನೆಯನ್ನು ನಾನು ತುಂಬ ಸಲ ಓದಿದೆ. ಆರು ವರ್ಷದಲ್ಲಿ ಇದನ್ನು ಕೇಳಿದವರು ಯಾರೂ ಇಲ್ಲ. ಕೇಳುವುದಾದರೂ ಹೇಗೆ, ಇಬ್ಬರಿದ್ದೇವೆ ಎಂದು ನಾನೇ ಹೇಳುತ್ತಿದ್ದೆನಲ್ಲ. ಗುರುತು ಪರಿಚಯವಿಲ್ಲದ ಯಾರೋ ಸಮಿತಿಯಲ್ಲಿ ಕೂತು ನನಗೆ ಹುಷಾರು ತಪ್ಪಿದರೆ ಏನು ಎಂದು ಕೇಳಿದ್ದಾರೆ. ಅರ್ಜಿಯ ಮಾತು, ಗೊತ್ತು. ಆದರೂ ಕಣ್ಣು ತುಂಬಿ ಬಂತು.

ಉತ್ತರ ನನಗೆ ಗೊತ್ತಿಲ್ಲ. 'ಸಿಬ್ಬಂದಿ ರಜೆ ಹಾಕುವುದಿಲ್ಲ' ಎಂದು ಬರೆದುಬಿಡು.

ಅತ್ತಿಗೆ


ಜನವರಿ 25

ಅತ್ತಿಗೆ,

ಹಾಗೆ ಬರೆಯಲಿಲ್ಲ. ಇದನ್ನು ಬರೆದು ಕಳಿಸಿಯಾಯಿತು, ಈಗ ಬದಲಾಯಿಸಲು ಬರುವುದಿಲ್ಲ:

'ಕೇಂದ್ರದ ಸಿಬ್ಬಂದಿ ರಜೆಯಲ್ಲಿರುವ ಅವಧಿಯಲ್ಲಿ ಯೋಜನೆಯ ಮುಖ್ಯ ಸಂಶೋಧಕರು ಖುದ್ದಾಗಿ ಕೇಂದ್ರದಲ್ಲಿ ಹಾಜರಿದ್ದು ಉಸ್ತುವಾರಿ ನೋಡಿಕೊಳ್ಳುತ್ತಾರೆ. ಅವರಿಗೆ ಈ ಕೆಲಸವನ್ನು ಕೇಂದ್ರದ ಹಿಂದಿನ ಸಿಬ್ಬಂದಿಯೊಬ್ಬರು ಕಲಿಸಿರುತ್ತಾರೆ. ಸಿಬ್ಬಂದಿಯು ವರ್ಷಕ್ಕೆ ಕನಿಷ್ಠ ಇಪ್ಪತ್ತು ದಿನ ರಜೆ ತೆಗೆದುಕೊಳ್ಳತಕ್ಕದ್ದು.'

ಕೊನೆಯ ವಾಕ್ಯವನ್ನು ಅವರು ಕೇಳಿರಲಿಲ್ಲ, ನಾನೇ ಸೇರಿಸಿದೆ. ಕಾಲೇಜಿನ ಬೇಸಿಗೆ ರಜೆಗಳಲ್ಲಿ ಅಣ್ಣ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಸರ್ವರ್ ಬಿಚ್ಚುವುದನ್ನು, ಜೋಡಿಸುವುದನ್ನು ಕಲಿಸಿದ್ದ. ಮರೆತಿಲ್ಲ ಅಂದುಕೊಂಡಿದ್ದೇನೆ.

ಅನುದಾನ ಬರಲಿ, ಬಿಡಲಿ, ಮಾರ್ಚ್‌ನಲ್ಲಿ ಬರುತ್ತೇನೆ. ಬಾರದಿದ್ದರೆ ನನಗೆ ಬೇಕಾದಷ್ಟು ಬಿಡುವಿರುತ್ತದೆ, ಅದೊಂದು ಅನುಕೂಲ.

ಮೈದುನ


ಫೆಬ್ರವರಿ 26

ಅತ್ತಿಗೆ,

ಮೂರು ವರ್ಷ ಕೇಳಿದ್ದೆ, ಒಂದು ವರ್ಷಕ್ಕೆ ಕೊಟ್ಟಿದ್ದಾರೆ. ಕೆಲಸ ಒಂದು ವರ್ಷ ಉಳಿಯಿತು. ಕುಣಿದಾಡುವಷ್ಟು ಶಕ್ತಿ ಇಲ್ಲ, ಆದರೆ ನಿನ್ನೆ ಹಾಸಿಗೆಗೆ ಬಿದ್ದವನು ಬೆಳಗಿನವರೆಗೆ ಮಗ್ಗುಲು ಬದಲಿಸಲಿಲ್ಲ ಎಂದು ಹೆಂಡತಿ ಹೇಳಿದಳು.

ಷರತ್ತುಗಳಲ್ಲಿ ನಾಲ್ಕನೆಯದು, ಕೇಂದ್ರದ ಸಿಬ್ಬಂದಿಯ ರಜೆ. ಮೊದಲ ಕಂತಿನ ರಜೆ ಯೋಜನೆ ಶುರುವಾಗುವ ಮೊದಲೇ ಆಗಬೇಕಂತೆ. ಈಗ ನೀವು ಕೆಲಸಕ್ಕೆ ಹೋದರೆ ನನ್ನ ಅನುದಾನಕ್ಕೆ ಸಂಚಕಾರ. ಹನ್ನೊಂದನೇ ತಾರೀಖು ಬೆಳಿಗ್ಗೆ ಬರುತ್ತೇನೆ.

ಮೈದುನ


ಮಾರ್ಚ್ 10

ಮೈದುನ ಮಹಾಶಯರಿಗೆ,

ಈ ಪತ್ರ ನಿನಗೆ ಮೇಜಿನ ಮೇಲೆ ಸಿಗುತ್ತದೆ. ನಾನು ಬೆಳಗಿನ ಮೊದಲ ಬಸ್ಸಿಗೆ ಅಕ್ಕನ ಮನೆಗೆ ಹೊರಟಿರುತ್ತೇನೆ. ಕಾದು ನಿನ್ನ ಮುಖ ನೋಡಿಕೊಂಡು ಹೋಗಬಹುದಿತ್ತು. ನೋಡಿದರೆ ಹೋಗುತ್ತಿರಲಿಲ್ಲ, ಅದಕ್ಕೆ. ಎರಡು ವಾರ ಕಳೆದು ಬರುತ್ತೇನೆ, ಒಂದು ದಿನ ಜೊತೆಗೆ ಕೂತು ಊಟ ಮಾಡಿ ಆಮೇಲೆ ನೀನು ಹೊರಡು.

ಮೆಟ್ಟಿಲು ಇಳಿಯುವಾಗ ಬಲಗಡೆ ಗೋಡೆ ಹಿಡಿದುಕೋ, ಕೊನೆಯದು ಸ್ವಲ್ಪ ಎತ್ತರ. ಹದಿನೇಳನೇ ಸರ್ವರ್ ಗೊರಗೊರ ಎನ್ನುತ್ತದೆ, ಹೆದರಬೇಡ, ಅದು ಸುಮ್ಮನಾದರೆ ಹೆದರು. ಎಡಗಡೆಯ ಏಸಿಯನ್ನು ಮಧ್ಯಾಹ್ನ ಅರ್ಧ ಗಂಟೆ ಆರಿಸು. ಪ್ಯಾರಾ ಕೇಳಿಕೊಂಡು ಯಾರಾದರೂ ಬಂದರೆ ಹೊಸದನ್ನೇ ಕೊಡು, ಕೊಡುವ ಮೊದಲು ಒಳಗೆ ಕರೆದು ಯಂತ್ರಗಳನ್ನು ತೋರಿಸು. ಸ್ವೆಟರ್ ಒಗೆದು ಕುರ್ಚಿಯ ಮೇಲೆ ಹಾಕಿದ್ದೇನೆ. ಕೂರಲು ಹಿಂಜರಿಯಬೇಡ. ಬೇರೆ ಕುರ್ಚಿ ಇಲ್ಲ.

ಇನ್ನೊಂದು ಇದೆ. ಹಾಜರಿ ಪುಸ್ತಕ ಮೇಜಿನ ಎಡಗಡೆ ಇದೆ. ಆರು ವರ್ಷ ನಾನು ಎರಡನೇ ಕಾಲಂ ಖಾಲಿ ಬಿಟ್ಟಿದ್ದೇನೆ, ಒಂದು ಗೆರೆ ಕೂಡ ಎಳೆದಿಲ್ಲ. ನಾಳೆಯ ತಾರೀಖು ಬರೆದಿಟ್ಟಿದ್ದೇನೆ. ಮೊದಲನೆಯ ಕಾಲಂನಲ್ಲಿ 'ರಜೆ' ಎಂದು ನಾನೇ ಬರೆದಿದ್ದೇನೆ. ಎರಡನೆಯದರಲ್ಲಿ ನೀನು ಸಹಿ ಹಾಕು. ನಿನ್ನದೇ ಸಹಿ.

ಅತ್ತಿಗೆ